ಯಾರನ್ನು ಓದಿಸಬೇಕು?

"ಇವತ್ತಿಂದ ಶಹನಾಜ್ ನಮ್ಮ ಟೀಮ್ ಲೀಡರ್" ಎಂದು ಮೇಲ್ವಿಚಾರಕಿ ಸ್ವಪ್ನ ಹೇಳಿದಾಗ, ಶಹನಾಜಳ ಅಕ್ಕ ಮೆಹನಾಜ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ತನ್ನ ಮುಖವನ್ನು ಯಾರೂ ಗಮನಿಸದಿರಲಿ ಎಂದು.

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಎದುರಿನ ಆ ಮಹಡಿಯಲ್ಲಿ ಎಂಟು ಹೆಂಗಸರು ಕಂಪ್ಯೂಟರಿಗೆ ವಾದ ತೂಗುವುದನ್ನು ಕಲಿಸುತ್ತಿದ್ದರು. ಒಬ್ಬರು ವಾದ ಬರೆಯಬೇಕು, ಇನ್ನೊಬ್ಬರು ಅದನ್ನು ಕೆಡವುವ ಮಾತು ಬರೆಯಬೇಕು. ಮೊದಲಿನವರು ಅದಕ್ಕೆ ಉತ್ತರ ಕೊಟ್ಟರೆ ವಾದ ಹಸಿರಾಗಿ ಉಳಿಯುತ್ತದೆ, ಇಲ್ಲವಾದರೆ ಕೆಂಪಾಗುತ್ತದೆ. ಬರೆದವರ ಹೆಸರು ಯಾರಿಗೂ ಕಾಣುವುದಿಲ್ಲ.

ಮಧ್ಯಾಹ್ನ ಮೆಹನಾಜಳ ಪರದೆಗೆ ಒಂದು ಪ್ರಶ್ನೆ ಬಂತು: 'ಮನೆಯಲ್ಲಿ ಇಬ್ಬರಲ್ಲಿ ಒಬ್ಬರನ್ನೇ ಓದಿಸಲು ಆಗುವುದಾದರೆ ಯಾರನ್ನು ಓದಿಸಬೇಕು?' ಕೆಳಗೆ ವಾದ: 'ನ್ಯಾಯವಾಗಿ ನೋಡಿದರೆ, ಚೆನ್ನಾಗಿ ಓದುವವರನ್ನು.'

'ನ್ಯಾಯವಾಗಿ ನೋಡಿದರೆ' ಎಂದು ಶುರುಮಾಡುವವಳು ಆ ಕೋಣೆಯಲ್ಲಿ ಶಹನಾಜ್ ಒಬ್ಬಳೇ. ಅಮ್ಮಿ ಹಾಸಿಗೆ ಹಿಡಿದಾಗ ಪಿಯುಸಿ ಬಿಟ್ಟವಳು ಮೆಹನಾಜ್, ಬಿ.ಎ. ಮುಗಿಸಿದವಳು ಶಹನಾಜ್. ಅಕ್ಕನಿಗೆ ಈ ಕೆಲಸ ಕೊಡಿಸಿದವಳೂ ಅವಳೇ. ಅದನ್ನಂತೂ ಮೆಹನಾಜ್ ಒಂದು ದಿನವೂ ಮರೆತಿರಲಿಲ್ಲ.

ಅವಳು ಟೈಪ್ ಮಾಡಿದಳು: 'ಒಬ್ಬಳು ಒಲೆ ಮುಂದೆ ಕೂತಿದ್ದಕ್ಕೇ ಇನ್ನೊಬ್ಬಳು ಚೆನ್ನಾಗಿ ಓದಿದಳು. ಒಲೆ ಮುಂದಿದ್ದವಳು ಹೇಗೆ ಓದುತ್ತಿದ್ದಳೆಂದು ಯಾರು ನೋಡಿದ್ದಾರೆ?'

ಎದುರು ಸಾಲಿನಲ್ಲಿ ಶಹನಾಜಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು. ಅವಳು ತಲೆಯೆತ್ತಿ ಅಕ್ಕನತ್ತ ನೋಡಲಿಲ್ಲ. ಸ್ವಪ್ನ ಬಂದು ಅವಳ ಪರದೆ ನೋಡಿದಳು.

"ಯಾಕ್ ಶಹನಾಜ್, ಉತ್ತರ ಬರೀತಿಲ್ಲ? ಟೈಮ್ ಹೋಗ್ತೈತೆ."

"ಇದಕ್ಕೆ ನನ್ ಹತ್ರ ಉತ್ತರ ಇಲ್ಲ ಮೇಡಂ."

"ಏನಾದ್ರೂ ಬರಿಯಮ್ಮ. ಲೀಡರ್ ಆದ ದಿನಾನೇ ಕೆಂಪು ಬಂದ್ರೆ ಏನ್ ಚೆಂದ?"

"ಸುಳ್ಳು ಬರೆದ್ರೆ ಮಿಷನ್ನು ಅದನ್ನೇ ಕಲಿತೈತೆ, ಮೇಡಂ."

ಸಮಯ ಮುಗಿಯಿತು. ಶಹನಾಜಳ ವಾದ ಕೆಂಪಾಯಿತು. ತಂಗಿ ಒಮ್ಮೆಯಾದರೂ ಸೋಲಲಿ ಎಂದು ಇಷ್ಟು ವರ್ಷ ಬಯಸಿದ್ದು ಕಣ್ಣೆದುರೇ ಆಗಿತ್ತು. ಆದರೂ ಮೆಹನಾಜಳಿಗೆ ಆ ಬಣ್ಣವನ್ನು ಹೆಚ್ಚು ಹೊತ್ತು ನೋಡಲಾಗಲಿಲ್ಲ. ಮುಂದಿನ ಪ್ರಶ್ನೆಗೆ ಹೋದಳು. ಅದರಲ್ಲಿ ಏನಿತ್ತೆಂದು ಆಮೇಲೆ ನೆನಪಿಗೂ ಬರಲಿಲ್ಲ.

ಸಂಜೆ ಮೆಟ್ಟಿಲಿಳಿಯುವಾಗ ಶಹನಾಜ್ ಅಕ್ಕನ ತೋಳು ಹಿಡಿದಳು.

"ಆಪಾ, ನೀನು ನನಗಿಂತ ಚೆನ್ನಾಗಿ ಓದ್ತಿದ್ದೆ. ನಾನು ನೋಡಿದೀನಿ. ಅವತ್ತು ಅಬ್ಬಾಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ."

ಮೆಹನಾಜ್ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. ಈ ಮಾತನ್ನೂ ಇವಳೇ ಇಷ್ಟು ಚೆನ್ನಾಗಿ ಆಡಿಬಿಟ್ಟಳಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು.