ಹೆಬ್ಬೆರಳ ಹೊಲಿಗೆ

"ಇವತ್ತು ಕೈ ಅಲುಗಾಡಲೇ ಇಲ್ಲವಂತೆ!" ಮಾರುಕಟ್ಟೆಯಿಂದ ಬಂದವಳೇ ಹೆಂಡತಿ ಫೋನನ್ನು ಟೈಲರ್‌ನ ಮೂಗಿಗೆ ಹಿಡಿದಳು. "ನಾನೇ ಗ್ಲೌಸ್ ತೊಡಿಸಿ ಹೋಗಿದ್ದೆನಲ್ರೀ, ಎಲ್ಲಿ ಅದು?"

ಟೈಲರ್ ಮಡಿಲಲ್ಲಿದ್ದುದನ್ನು ಸರಕ್ಕನೆ ಶಾಲಿನಡಿ ಸರಿಸಿದ. ಪಾರ್ಶ್ವವಾಯು ಬಡಿದು ಬಲಗೈ ಸೋತ ಮೇಲೆ ಆಸ್ಪತ್ರೆಯವರು ಕೊಟ್ಟ ಗ್ಲೌಸ್ ಅದು. ತೊಟ್ಟು ಬೆರಳು ಮಡಚಿ ಬಿಚ್ಚಿದರೆ ಫೋನಿನಲ್ಲೊಂದು ಬಲೂನು ಮೇಲೇರಬೇಕು. ಈತನ ಬಲೂನು ಮಾತ್ರ ಹಟ ಹಿಡಿದ ಎಮ್ಮೆಯ ಹಾಗೆ ಏಳುತ್ತಲೇ ಇರಲಿಲ್ಲ. ಇನ್ನು ಹೊಲಿಗೆ ಅಂಗಡಿ ಬಾಡಿಗೆಗೆ ಕೊಟ್ಟುಬಿಡೋಣವೆಂದು ಮಾತಾಗಿತ್ತು. ಮೊಬೈಲ್ ಮಾರುವವನೊಬ್ಬ ನಾಳೆ ಅಂಗಡಿ ನೋಡಲು ಬರುವವನಿದ್ದ. ಟೈಲರ್‌ಗೆ ಅದು ಸುತರಾಂ ಇಷ್ಟವಿರಲಿಲ್ಲ.

"ಚಿಕ್ಕ ಮಕ್ಕಳನ್ನಾದ್ರೂ ಕಾಯಬಹುದು, ನಿಮ್ಮನ್ನಲ್ಲ!" ಆಕೆ ಶಾಲು ಎಳೆದಳು. ಗ್ಲೌಸಿನ ಜೊತೆ ಕತ್ತರಿ, ಸೂಜಿ, ಬಿಚ್ಚಿದ ದಾರದ ಚೂರುಗಳು. "ಅಯ್ಯೋ ನನ್ನ ಕರ್ಮವೇ! ಆಸ್ಪತ್ರೆ ಸಾಮಾನಿಗೂ ಕತ್ತರಿ ಹಾಕಿದ್ರಾ?"

"ವೈರು ಮುಟ್ಟಿಲ್ಲ ಕಣೇ. ಯಾವ ಪುಣ್ಯಾತ್ಮ ಹೊಲಿದಿದ್ನೋ! ಹೆಬ್ಬೆರಳ ಬುಡದಲ್ಲಿ ಬಟ್ಟೆಯೆಲ್ಲ ಗಂಟು. ಮಡಚೋಕೆ ಹೋದ್ರೆ ಒತ್ತುತ್ತೆ. ದಿನಾ ನೋಡಿ ನೋಡಿ ಹೊಟ್ಟೆ ಉರೀತಿತ್ತು. ಬಿಚ್ಚಿ ಹೊಲಿದೆ, ಏನೀಗ?"

ಬೈಯಲು ಬಾಯಿ ತೆರೆದವಳು ಗ್ಲೌಸ್ ಕೈಗೆತ್ತಿಕೊಂಡಳು. ಹೊಸ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಕಲಿಯುವವರ ಕೆಲಸದಂತೆ ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ಆದರೂ ಬಿಗಿಯಾಗಿತ್ತು.

"ಸೂಜಿ ಎಡಗೈಯಲ್ಲಿ ಅನ್ನಿ. ಬಟ್ಟೆ ಯಾರು ಹಿಡ್ಕೊಂಡಿದ್ರು?"

"ಇನ್ಯಾರು ಹಿಡೀತಾರೆ? ನಾನೇ..." ಇಬ್ಬರೂ ಬಲಗೈ ನೋಡಿದರು. ಹೆಬ್ಬೆರಳು ತೋರುಬೆರಳ ನಡುವೆ ದಾರದ ತುದಿಯೊಂದು ಇನ್ನೂ ಸಿಕ್ಕಿಕೊಂಡಿತ್ತು. ಬಿಡುವುದನ್ನೇ ಆತ ಮರೆತಿದ್ದ.

ಅಷ್ಟರಲ್ಲಿ ಫೋನು ಟಿಣ್ ಎಂದಿತು: 'ಬೇಸರ ಬೇಡ. ನಾಳೆ ಮತ್ತೆ ಪ್ರಯತ್ನಿಸಿ.'

"ನಿನ್ನ ತಲೆ!" ಎಂದು ಆಕೆ ಫೋನಿಗೇ ಬೈದು ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಬಂತು; ಅಷ್ಟು ಸಂತೋಷವಾಗಿತ್ತು. ಸೆರಗಿನಲ್ಲಿ ಒರೆಸಿಕೊಂಡು ಕೇಳಿದಳು, "ಅಲ್ರೀ, ನಾಳೆ ಅಂಗಡಿ ನೋಡೋಕೆ ಬರೋನಿಗೆ ಏನು ಹೇಳಲಿ?"

ಟೈಲರ್ ಎಡಗೈಯಿಂದ ದಾರವನ್ನು ಎಳೆದು ನೋಡಿದ. ಬಲಗೈ ಬಿಡಲಿಲ್ಲ.

"ಬರಲಿ ಬಿಡು. ಅಂಗಿಗೆ ಅಳತೆ ಕೊಟ್ಟು ಹೋಗಲಿ."