ಪಾಲಿಶ್ ಕೋಣೆಯ ಎಸಿ

"ಯಾರೋ ಬೇಕಂತ್ಲೇ ಮಾಡಾಕತ್ತಾರ," ಎಂದು ಪೀರಪ್ಪ ಎಸಿಯ ಮುಚ್ಚಳ ಬಡಿದ. "ಅರಿವಿ ಕಟ್ಟೀವಿ, ಬಾಗಲಾ ಹಾಕೀವಿ. ಆದ್ರೂ ಪುಡಿ ಹೆಂಗ ಒಳಗ ಹೋಗ್ತದ?"

ಹೆಂಡತಿ ಸುಮಂಗಲಾ ಕೆಳಗೆ ಉದುರಿದ ಪುಡಿ ಗುಡಿಸತೊಡಗಿದಳು. ವಾಡಿ ಊರಿನಲ್ಲಿದ್ದ ಅವರ ಫರ್ನಿಚರ್ ವರ್ಕ್‌ಶಾಪಿನಲ್ಲಿ ಪಾಲಿಶ್ ಕೋಣೆಗೊಂದೇ ಎಸಿ. ಮರದ ಪುಡಿಯಿಂದ ಅದನ್ನು ಕಾಯುವುದು ಅವಳ ಕೆಲಸ. ಹಳೆಯ ಸೀರೆ ಹರಿದು ಗವಸು ಹೊಲಿದವಳು ಅವಳು. ಗಾಳಿ ಸೋಸುವ ಅದರ ಜಾಳಿಗೆ ತೊಳೆಯುವವಳು ಅವಳು. ಯಾರೂ ಇಲ್ಲದಾಗ ಗವಸು ಸರಿಸಿ, ಅದೇ ಜಾಳಿಗೆಗೆ ಹಿಡಿ ಪುಡಿ ಒತ್ತುವವಳೂ ಅವಳೇ.

ಎಸಿ ಕೆಟ್ಟರೆ ರಿಪೇರಿಗೆ ಶಹಾಬಾದಿನಿಂದ ಕಪಿಲ ಬರುತ್ತಾನೆ. ಕಪಿಲ ಮಗಳು ಮಹಾನಂದಾಳ ಗಂಡ. ಮೊದಲ ಸಲ ಬಂದಾಗ ಆ ಗುಟ್ಟನ್ನು ಅವಳೊಬ್ಬಳಿಗೇ ಹೇಳಿದ್ದ. ಬೇರೆ ಜಾತಿಯವನೆಂದು ಪೀರಪ್ಪ ಮದುವೆಗೆ ಹೋಗಿರಲಿಲ್ಲ, ಅವಳನ್ನೂ ಕಳಿಸಿರಲಿಲ್ಲ, ಅಳಿಯನ ಮುಖ ನೋಡಿರಲಿಲ್ಲ. ಮನೆಯಲ್ಲಿ ಮಗಳ ಹೆಸರೆತ್ತಕೂಡದು ಎಂದಿದ್ದ. ಇದ್ದ ಒಂದೇ ಫೋನು ಅವನ ಜೇಬಿನಲ್ಲಿ. ಅತ್ತೂ ಅತ್ತೂ ಸುಮಂಗಲಾಳ ಒಳಗೆ ಏನೋ ಮರಗಟ್ಟಿತ್ತು. ಕಪಿಲ ಎಸಿ ಬಿಚ್ಚುವಾಗ ಮಾತ್ರ ಅದು ಒಂಚೂರು ಮಿಸುಕುತ್ತಿತ್ತು.

"ಹೆಂಗದಾಳೋ?"

"ಛಲೋ ಅದಾಳ್ರಿ ಅತ್ತಿ. ಕಾಲು ಬಾತಾವ. ನಿಮ್ಮ ಕೈದೇ ಪುಂಡಿಪಲ್ಯ ಬೇಕಂತ ನನ್ನ ಜೀವ ತಿನ್ನಾಕತ್ತಾಳ."

ಅಷ್ಟೇ ಮಾತು. ಬಂದವರನ್ನೆಲ್ಲ 'ಯಾರ ಪೈಕಿ ನೀ?' ಎಂದು ಕೇಳುವ ಪೀರಪ್ಪ ಕಪಿಲನನ್ನು ಮಾತ್ರ ಎಂದೂ ಕೇಳಲಿಲ್ಲ. ಅವನು ಬಂದೊಡನೆ ತಾನು ಬೀಡಿ ತರಲು ಎದ್ದು ಹೋಗುತ್ತಿದ್ದ. ಸದ್ಯ, ನನ್ನ ಪುಣ್ಯ ಎಂದುಕೊಳ್ಳುತ್ತಿದ್ದಳು.

ಆದರೆ ಈ ಸಲ ಪೀರಪ್ಪ ತಾನೇ ಜಾಳಿಗೆ ಝಾಡಿಸಿ ಎಸಿ ಹಚ್ಚಿದ. ಕೋಣೆಗೆ ಕೀಲಿ ಜಡಿದು ಕೀಲಿಕೈ ಉಡದಾರಕ್ಕೆ ಕಟ್ಟಿಕೊಂಡ.

"ಇನ್ ಮ್ಯಾಲ ಇದರ ಉಸಾಬರಿ ನಂದು. ನೀ ಕೈ ಹಚ್ಚಬ್ಯಾಡ."

ವಾರಗಳಾದರೂ ಎಸಿ ಕೆಡಲಿಲ್ಲ. ಅತ್ತ ಮಗಳಿಗೆ ದಿನ ತುಂಬುತ್ತಿತ್ತು. ಸುಮಂಗಲಾ ರೊಟ್ಟಿ ತಟ್ಟಿದಳು, ಅಂಗಳ ಗುಡಿಸಿದಳು. ಯಾವುದನ್ನು ಮುಗಿಸಿದೆ, ಯಾವುದು ಉಳಿಯಿತು ಎಂಬುದೂ ಅವಳಿಗೆ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಂಗಳದಲ್ಲಿ ಕಪಿಲನ ಬೈಕು ನಿಂತಿತ್ತು. ಕೋಣೆಯ ಬಾಗಿಲು ತೆರೆದಿತ್ತು. ಸುಮಂಗಲಾ ಒಳಗೆ ಹೋದಳು. ಅವನು ಜಾಳಿಗೆ ಎಳೆದದ್ದೇ, ಒತ್ತೊತ್ತಿ ತುಂಬಿದ್ದ ಪುಡಿ ಅಂಗಿಯ ಮೇಲೆಲ್ಲ ಸುರಿಯಿತು.

"ಕೀಲಿ ಹಾಕಿದ್ರೂ ಹೆಂಗ ತುಂಬಿದ್ರಿ, ಅತ್ತಿ?" ಎಂದು ಪಿಸುಗುಟ್ಟಿ ನಕ್ಕ.

"ನಾ ಅಲ್ಲೋ."

ಕಪಿಲ ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿ ಪೀರಪ್ಪ. ಅವನು ಯಾರ ಮುಖವನ್ನೂ ನೋಡಲಿಲ್ಲ. ಗೋಡೆಗೆ ಹೇಳುವವನಂತೆ ಹೇಳಿದ:

"ಆ ಪುಡಿ ಝಾಡಿಸ್ಕೊಂಡು ಮನಿಗಿ ಹೋಗಪ್ಪಾ. ಹಸಿ ಕೂಸಿಗಿ ಕೆಮ್ಮು ಹತ್ತಿದ್ರ ನಮ್ಮ ಮಹಾನಂದಾಗ ನಿದ್ದಿ ಇರಂಗಿಲ್ಲ."