ನಲವತ್ತೊಂದನೇ ಪ್ರಶ್ನೆ

ಅಧ್ಯಕ್ಷರ ಸರ್ಟಿಫಿಕೇಟಿನ ಅವಧಿ ಮುಗಿದು ಆಗಲೇ ಹದಿನೇಳು ದಿನವಾಗಿತ್ತು. ವಂಶವಾಹಿ ತಜ್ಞವೈದ್ಯರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುವ ಆ ಮಂಡಳಿಯಲ್ಲಿ ಇದು ಮೊದಲು ಕಣ್ಣಿಗೆ ಬಿದ್ದದ್ದು ಕಾರ್ಯದರ್ಶಿಗೆ; ಅದೂ ಈ ವರ್ಷ ಪಾಸಾದ ನಲವತ್ತಮೂರು ಮಂದಿಯ ಸರ್ಟಿಫಿಕೇಟುಗಳನ್ನು ಅಧ್ಯಕ್ಷರ ಸಹಿಗೆಂದು ಜೋಡಿಸುವಾಗ. ಪ್ರತಿಯೊಬ್ಬ ತಜ್ಞರೂ ಹತ್ತು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಬರೆಯಬೇಕು, ಬರೆಯದವರ ಸಹಿ ಮಂಡಳಿಯ ಕಾಗದದ ಮೇಲೆ ನಡೆಯುವುದಿಲ್ಲ. ಈ ನಿಯಮ ತಂದವರು ಬೇರಾರೂ ಅಲ್ಲ, ಇದೇ ಅಧ್ಯಕ್ಷರು.

"ನಂಗೇ ಪರೀಕ್ಷೆನಾ? ಅಲ್ಲಮ್ಮ, ಅರ್ಧ ಪ್ರಶ್ನೆ ಬರೆದವನೇ ನಾನು," ಎಂದರು ಅವರು.

"ಹಾಗಾದ್ರೆ ಬೇಗ ಮುಗಿಯುತ್ತೆ ಸರ್. ಅರವತ್ತು ಪ್ರಶ್ನೆ, ಎರಡು ಗಂಟೆ. ಆ ನಲವತ್ಮೂರು ಮಕ್ಕಳು ಕೆಲಸಕ್ಕೆ ಸೇರೋಕೆ ತುದಿಗಾಲಲ್ಲಿ ನಿಂತಿದ್ದಾರೆ. ಫೋನ್ ಬರೋದು ನಂಗೆ, ನಿಮಗಲ್ಲ."

ಇಪ್ಪತ್ತು ವರ್ಷ ಮಂಡಳಿಯನ್ನು ನಡೆಸಿದವಳು ಆಕೆಯೇ. ಅಧ್ಯಕ್ಷರು ಬರುತ್ತಾರೆ, ಹೋಗುತ್ತಾರೆ, ಈ ಅಧ್ಯಕ್ಷರಂತೆ ಮೂರು ಸಲ ಬರುವವರೂ ಉಂಟು. ಆಕೆ ಮಾತ್ರ ಅಲ್ಲೇ ಇದ್ದಾಳೆ. ಅವರ ಬೇಳೆ ಆಕೆಯ ಮುಂದೆ ಬೇಯಲಿಲ್ಲ. ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿದಳು, ಮೊಬೈಲು ಕಸಿದುಕೊಂಡಳು, ಕೈಗಡಿಯಾರವನ್ನೂ ಬಿಚ್ಚಿಸಿದಳು. ನೀರು ಕುಡಿಯಲು ಎದ್ದರೆ ಹಿಂದೆಯೇ ಹೋಗಿ ನಿಂತಳು. ಒಂದು ಕಾಲದಲ್ಲಿ ಅಭ್ಯರ್ಥಿಗಳನ್ನು ಮೌಖಿಕ ಪರೀಕ್ಷೆಯಲ್ಲಿ ಗಡಗಡ ನಡುಗಿಸಿದ್ದ ಮನುಷ್ಯ ಈಗ ಕನ್ನಡಕ ಮೇಲೆ ಕೆಳಗೆ ಮಾಡುತ್ತ, ಮೌಸಿನ ಜೊತೆ ಜಗಳವಾಡುತ್ತ ಕೂತಿರುವುದನ್ನು ನೋಡಿ ಆಕೆಗೆ ಒಳಗೊಳಗೇ ನಗು. ಪಾಪವೂ ಅನಿಸಿತು, ಆದರೆ ಅದನ್ನು ತೋರಿಸಿಕೊಳ್ಳಲಿಲ್ಲ.

ಅರವತ್ತಕ್ಕೆ ಐವತ್ತೊಂಬತ್ತು ಬಂತು.

"ಪಾಸ್ ಸರ್. ಇಲ್ಲಿ ಸಹಿ ಶುರು ಮಾಡಿ," ಎಂದು ಆಕೆ ಸರ್ಟಿಫಿಕೇಟುಗಳ ಕಟ್ಟು ಮುಂದಿಟ್ಟಳು.

"ಆ ಒಂದು ಯಾವುದು?"

"ನಲವತ್ತೊಂದನೇದು. ಬಿಡಿ ಸರ್, ಯಾರಿಗೂ ಹೇಳಲ್ಲ."

ಬಿಡುವ ಜಾತಿಯೇ ಅವರು? ಪರದೆಯ ಮೇಲೆ ಪ್ರಶ್ನೆ ತೆರೆಸಿದರು. ಮೂವತ್ತೊಂದು ವರ್ಷದ ಮಹಿಳೆ. ತಾಯಿಗೆ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ. ತಾಯಿಯಲ್ಲಿರುವ ಜೀನಿನ ಬದಲಾವಣೆ ಮಗಳಲ್ಲೂ ಇದೆ. ಮಗು ಬೇಕೆಂದಿರುವ ಆಕೆಗೆ ಏನು ಹೇಳುತ್ತೀರಿ? ಅಧ್ಯಕ್ಷರು ಆರಿಸಿದ್ದ ಉತ್ತರ: ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಅಪಾಯ.

"ಇದು ನಂದೇ ಪ್ರಶ್ನೆ. ನನ್ನ ಪ್ರಶ್ನೆಗೆ ನಾನೇ ತಪ್ಪು ಉತ್ತರ ಬರೀತೀನಾ? ನಿಮ್ಮ ಕೀ ಉತ್ತರ ತಪ್ಪಿದೆ. ಆಕ್ಷೇಪಣೆ ಅರ್ಜಿಯ ಫಾರಂ ಕೊಡು."

"ಅರ್ಜಿ ಕೊಟ್ರೆ ಅದು ತೀರ್ಮಾನ ಆಗೋವರೆಗೂ ನಿಮ್ಮ ಫಲಿತಾಂಶ ತಡೆ. ಆ ಮಕ್ಕಳದ್ದೂ ತಡೆ. ಒಂದು ಅಂಕಕ್ಕೆ ಯಾಕೆ ಸರ್ ಹಟ?"

"ಅಂಕ ಯಾರಿಗೆ ಬೇಕಮ್ಮ. ಸರಿ ಉತ್ತರ ಯಾವುದು ಅಂತ ಗೊತ್ತಾಗಬೇಕು."

ಆಕೆ ನಿಟ್ಟುಸಿರು ಬಿಟ್ಟು ಪ್ರಶ್ನೆಯ ಕಡತ ತಂದಳು. ಮೊದಲ ಹಾಳೆಯಲ್ಲಿ ಅವರದೇ ಕೈಬರಹದ ಪ್ರಶ್ನೆ, ಹದಿನಾರು ವರ್ಷ ಹಿಂದಿನದು. ಅದರ ಕೆಳಗೆ ಮೂರು ವರ್ಷದ ಹಿಂದೆ ಪ್ರಶ್ನೆ ಸಮಿತಿ ಬರೆದ ಟಿಪ್ಪಣಿ. ಆ ಬದಲಾವಣೆ ಸಾವಿರಾರು ಆರೋಗ್ಯವಂತರಲ್ಲೂ ಇರುವುದು ಈಚೆಗೆ ತಿಳಿದುಬಂದಿದೆ, ಅದು ನಿರಪಾಯಕಾರಿ, ತಾಯಿಯ ಕಾಯಿಲೆಗೆ ಕಾರಣ ಬೇರೆ, ಉತ್ತರವನ್ನು ತಿದ್ದಬೇಕು ಎಂದಿತ್ತು. ಟಿಪ್ಪಣಿಯ ಕೊನೆಯಲ್ಲಿ 'ಒಪ್ಪಿದೆ' ಎಂಬ ಮೊಹರು, ಅದರ ಪಕ್ಕದಲ್ಲಿ ಅಧ್ಯಕ್ಷರ ಉದ್ದನೆಯ ಸಹಿ. ಆ ದಿನ ಒಟ್ಟು ಇನ್ನೂರ ಹನ್ನೆರಡು ಟಿಪ್ಪಣಿಗಳಿದ್ದವು. ಅವರು ಮಾತಾಡುತ್ತ, ಬಿಸ್ಕತ್ತು ತಿನ್ನುತ್ತ, ಒಂದನ್ನೂ ಓದದೆ ಸಹಿ ಹಾಕಿದ್ದು ಆಕೆಗೆ ಚೆನ್ನಾಗಿ ನೆನಪಿತ್ತು.

"ಸಿಕ್ಕಿಬಿದ್ರಿ ಸರ್," ಎಂದು ನಕ್ಕಳು.

ಅವರು ನಗಲಿಲ್ಲ. ಕಡತದ ಮೊದಲ ಹಾಳೆಯ ಮೇಲೆ ಕೈಯಿಟ್ಟರು.

"ಇದು ಕಟ್ಟಿದ ಪ್ರಶ್ನೆ ಅಲ್ಲಮ್ಮ. ನನ್ನ ಹತ್ರ ಬಂದಿದ್ದ ಹುಡುಗಿ. ಆಗ ಇದ್ದ ಪುಸ್ತಕ ನೋಡಿ, ಇದ್ದದ್ದನ್ನ ಹೇಳಿದೆ. ಮೂರು ತಿಂಗಳು ಬಿಟ್ಟು ಗಂಡ ಹೆಂಡತಿ ಇಬ್ಬರೂ ಬಂದ್ರು. ನಮಗೆ ಮಕ್ಕಳು ಬೇಡ ಅಂತ ತೀರ್ಮಾನ ಮಾಡಿದೀವಿ ಅಂದ್ರು. ತುಂಬ ಒಳ್ಳೇ ತೀರ್ಮಾನ ಅಂದೆ ನಾನು."

ಕಾರ್ಯದರ್ಶಿ ಮನಸ್ಸಿನಲ್ಲೇ ವರ್ಷ ಕೂಡಿದಳು: ಆ ಹುಡುಗಿಗೆ ಈಗ ನಲವತ್ತೇಳು. "ಆಗ ಗೊತ್ತಿದ್ದದ್ದೇ ಅಷ್ಟು ಸರ್. ನಿಮ್ಮ ತಪ್ಪಲ್ಲ," ಎಂದಳು.

"ಹದಿನಾರು ವರ್ಷದ ಹಿಂದಿನದು ತಪ್ಪಲ್ಲ. ಮೂರು ವರ್ಷದ ಹಿಂದಿನದು?" ಎಂದರು ಅಧ್ಯಕ್ಷರು. "ಮೊಬೈಲು ಕೊಡು."

ಹಳೆಯ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಫೋನು ಮಾಡಿ, ಗದರಿಸಿ, ಬೇಡಿಕೊಂಡು ನಂಬರು ಸಂಪಾದಿಸಲು ಮುಕ್ಕಾಲು ಗಂಟೆ ಹಿಡಿಯಿತು. ಸಹಿಗೆ ಕಾದಿದ್ದ ಕಟ್ಟು ಅಲ್ಲೇ ಇತ್ತು. ಆಕೆ ಒಮ್ಮೆಯೂ ಅದರ ಮಾತೆತ್ತಲಿಲ್ಲ. ಆ ಕಡೆ ಫೋನು ಎತ್ತಿದ್ದು ಆ ಮಹಿಳೆಯೇ. ಅಧ್ಯಕ್ಷರು ಎದ್ದು ನಿಂತು, ತಾವು ಯಾರು, ಆಗ ಮಾಡಿಸಿದ್ದ ಜೀನ್ ಪರೀಕ್ಷೆ ಯಾವುದು, ಆಗ ಹೇಳಿದ್ದೇನು, ಈಗ ಏನು ತಿಳಿದಿದೆ, ಹೇಳಬೇಕಾದದ್ದು ಮೂರು ವರ್ಷ ತಡವಾದದ್ದು ಯಾಕೆ ಎಂದು ಒಂದನ್ನೂ ಮುಚ್ಚಿಡದೆ ಹೇಳಿದರು. ಕೊನೆಗೆ ಕ್ಷಮೆ ಕೇಳಿದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ಕಾರ್ಯದರ್ಶಿ ಎಂದೂ ಕೇಳಿರಲಿಲ್ಲ.

ಆ ಕಡೆಯಿಂದ ಮೆಲ್ಲಗೆ ಮಹಿಳೆಯ ದನಿ ಬಂತು.

"ಒಂದ್ನಿಮಿಷ ಇರಿ ಡಾಕ್ಟ್ರೇ, ಸ್ಪೀಕರಿಗೆ ಹಾಕ್ತೀನಿ. ನಮ್ಮ ಯಜಮಾನ್ರು ಇಲ್ಲೇ ಇದ್ದಾರೆ. ಮೊದಲಿಂದ ಹೇಳಿ."